ಏಳನೇ ನಂಬರಿನ ನಲವತ್ತೊಂದು ಮಂದಿ

ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಹೊಲಿಗೆ ಅಂಗಡಿಯಲ್ಲಿ ನಲವತ್ತೊಂದು ಮತದಾರರು ವಾಸವಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದಾಗ ನಾನೂ ಎಲ್ಲರಂತೆ ‘ಕಾಲ ಕೆಟ್ಟಿತು’ ಎಂದುಕೊಂಡೆ. ಎರಡನೇ ಪ್ಯಾರಾಕ್ಕೆ ಬಂದಾಗ ಅದು ನಮ್ಮ ಬೀದಿಯ ಅಂಗಡಿ ಎಂದು ತಿಳಿಯಿತು. ಮೂರನೆಯದಕ್ಕೆ ಬಂದಾಗ ಆ ನಲವತ್ತೊಂದರಲ್ಲಿ ನಾನೂ ಒಬ್ಬಳು ಎಂದು ಗೊತ್ತಾಯಿತು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ. ಕನ್ನಡಕದ ತಪ್ಪೇನೂ ಇರಲಿಲ್ಲ.

ನಾನು ವಾಸವಾಗಿರುವುದು ಆ ಅಂಗಡಿಯಿಂದ ನಲವತ್ತೆಂಟು ಮೆಟ್ಟಿಲು ಮೇಲೆ, ಹತ್ತೊಂಬತ್ತು ವರ್ಷದಿಂದ. ನಮ್ಮದು ಬೀದಿ ಎಂಬುದು ಹೆಸರಿಗಷ್ಟೇ. ಗುಡ್ಡದ ಮೈಗೆ ಅಂಟಿಸಿದ ನೂರಹನ್ನೆರಡು ಮೆಟ್ಟಿಲು, ಆ ಕಡೆ ಈ ಕಡೆ ಒಂದಿಷ್ಟು ಮನೆ. ಯಾರ ಮನೆ ಎಲ್ಲಿ ಎಂದರೆ ಮೆಟ್ಟಿಲಿನ ಲೆಕ್ಕದಲ್ಲೇ ಹೇಳುವುದು. ನಾನು ನಲವತ್ತೆಂಟನೇ ಮೆಟ್ಟಿಲಿನಮ್ಮ. ಎಪ್ಪತ್ತರಲ್ಲಿ ಒಬ್ಬ ಅಜ್ಜಿ ಇದ್ದಾರೆ, ತುತ್ತತುದಿಯಲ್ಲಿ ಒಬ್ಬ ಅಜ್ಜ. ಕೆಳಗೆ, ರಸ್ತೆಗೆ ಮುಖ ಮಾಡಿಕೊಂಡು, ಏಳನೇ ನಂಬರಿನ ಹೊಲಿಗೆ ಅಂಗಡಿ.

ಅಂಗಡಿಯವರನ್ನು ಎಲ್ಲರೂ ಟೇಪಣ್ಣ ಎನ್ನುತ್ತಾರೆ. ಅಳತೆಯ ಟೇಪು ಕೊರಳಲ್ಲಿ ಇಲ್ಲದೆ ಅವರನ್ನು ನೋಡಿದವರಿಲ್ಲ. ಅವರ ಮದುವೆಯ ಫೋಟೋದಲ್ಲೂ ಟೈ ಇರಬೇಕಾದ ಕಡೆ ಟೇಪೇ ಇದೆ. ಪ್ರಪಂಚದ ಯಾವ ತೊಡಕನ್ನೂ ತಾವು ಬಿಡಿಸಬಲ್ಲೆವೆಂದು ಅವರ ನಂಬಿಕೆ. "ನನಗೆ ಬಿಡಿ" ಎಂಬುದು ಅವರ ಮಾತು. ಅವರಿಗೆ ಬಿಟ್ಟ ಕೆಲಸ ಆಗುವುದಿಲ್ಲ ಎಂದಲ್ಲ. ಬಟ್ಟೆಯ ಹಾಗೆ ಅದೂ ಒಂದಿಂಚು ಹೆಚ್ಚಾಗಿಯೇ ಆಗುತ್ತದೆ, ಆಮೇಲೆ ಮಡಚಿ ಹೊಲಿಯಬೇಕಾಗುತ್ತದೆ.

ಇಷ್ಟಕ್ಕೆಲ್ಲ ಮೂಲ ನಮ್ಮ ಅಂಚೆಯಣ್ಣನ ಬಲಮೊಣಕಾಲು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ನನಗೊಂದು ಕಾಗದ ತಲುಪಿಸಲು ಹತ್ತಿ ಬಂದು ನಲವತ್ತೈದನೇ ಮೆಟ್ಟಿಲಲ್ಲಿ ಕುಸಿದು ಕುಳಿತರು. ಮುಖ ಬಿಳಿಚಿಕೊಂಡಿತ್ತು. ನೀರು ಕೊಟ್ಟು ಕಾಗದ ಬಿಚ್ಚಿ ನೋಡಿದರೆ ಯಾವುದೋ ಸೋಫಾ ಕಂಪನಿಯ ಜಾಹೀರಾತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಟೇಪಣ್ಣ ಓಡಿ ಬಂದು, "ನಾಳೆಯಿಂದ ನೀವು ಹತ್ತೋದು ಬೇಡ. ಇಡೀ ಬೀದಿ ಕಾಗದ ನನ್ನ ಹತ್ರ ಕೊಟ್ಟು ಹೋಗಿ. ನನಗೆ ಬಿಡಿ" ಎಂದರು.

ಅವರ ಅಂಗಡಿಯ ಗೋಡೆಯಲ್ಲಿ, ಹೊಲಿಸಿದವರು ತೆಗೆದುಕೊಂಡು ಹೋಗದ ಕೋಟುಗಳು ಸಾಲಾಗಿ ನೇತಾಡುತ್ತವೆ. ದಪ್ಪಗಾದವರದು, ಊರು ಬಿಟ್ಟವರದು, ಮನಸ್ಸು ಬದಲಾಯಿಸಿದವರದು. ಟೇಪಣ್ಣ ಮನೆಗೊಂದು ಕೋಟು ಹಂಚಿದರು. ಕಾಗದ ಬಂದರೆ ಆಯಾ ಕೋಟಿನ ಜೇಬಿಗೆ. ನನ್ನ ಪಾಲಿಗೆ ಬಂದದ್ದು ಒಂದು ಕಂದು ಕೋಟು. ಮದುವೆಗೆಂದು ಹೊಲಿಸಿ, ಮದುವೆಯೇ ಮುರಿದುಹೋದ ಯಾರದೋ ಕೋಟು. ತರಕಾರಿಗೆ ಇಳಿದಾಗ ಅದರ ಜೇಬಿಗೆ ಕೈ ಹಾಕಿ ನೋಡುವುದು ನನಗೆ ರೂಢಿಯಾಯಿತು.

ಹೇಗೂ ಕಾಗದ ಬರುವುದು ಅಲ್ಲಿಗೇ ತಾನೆ ಎಂದು ಒಬ್ಬೊಬ್ಬರಾಗಿ ವಿಳಾಸವನ್ನೂ ‘ಏಳು’ ಎಂದೇ ಬರೆಯತೊಡಗಿದೆವು. ಬ್ಯಾಂಕಿಗೆ ಏಳು, ಆಸ್ಪತ್ರೆಗೆ ಏಳು. ಮತದಾರರ ಪಟ್ಟಿ ಬರೆಯಲು ಬಂದವರೂ ಮೆಟ್ಟಿಲನ್ನು ಒಮ್ಮೆ ಕತ್ತೆತ್ತಿ ನೋಡಿ, ಅಂಗಡಿಯಲ್ಲೇ ಕುಳಿತು, ಚಹಾ ಕುಡಿದು, ನಮ್ಮ ಕಾಗದಗಳ ಮೇಲಿನ ವಿಳಾಸವನ್ನು ಬರೆದುಕೊಂಡು ಹೋದರು. ಇದು ಸುಳ್ಳು ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ನಾನು ಕಾಲೇಜು ಓದಿದವಳು, ನನಗೂ ಅನ್ನಿಸಲಿಲ್ಲ.

ನಮಗಿದ್ದ ಭಯ ಬೇರೆ. ಕಾಗದವನ್ನು ಬಾಗಿಲಿಗೇ ಮುಟ್ಟಿಸಬೇಕೆಂಬುದು ಅಂಚೆಯ ನಿಯಮ. ಹನ್ನೊಂದು ವರ್ಷ ಮುಟ್ಟಿಸಿಲ್ಲವೆಂದು ಮೇಲಿನವರಿಗೆ ತಿಳಿದರೆ ಅಂಚೆಯಣ್ಣನ ಗತಿ ಏನು? ಅವರ ನಿವೃತ್ತಿಗೆ ಇನ್ನು ಎರಡೇ ತಿಂಗಳಿತ್ತು. ಹಾಗಾಗಿ ಇಡೀ ಬೀದಿ ಬಾಯಿಗೆ ಬೀಗ ಹಾಕಿಕೊಂಡಿತ್ತು.

ಆಗ ಬಂತು ವಾರ್ಡಿನ ಚುನಾವಣೆ. ನಿಂತವರು ಇಬ್ಬರು, ನಿವೃತ್ತ ಗಣಿತದ ಟೀಚರು ಮತ್ತು ಮೂಲೆಯ ಔಷಧಿ ಅಂಗಡಿಯವರು. ಟೀಚರು ಒಂಬತ್ತು ಮತಗಳಿಂದ ಗೆದ್ದರು. ಔಷಧಿಯವರು ಕೆಟ್ಟವರಲ್ಲ, ಚೀಟಿ ಮರೆತು ಹೋದರೂ ಮಾತ್ರೆಯ ಬಣ್ಣ ಹೇಳಿದರೆ ಗುರುತು ಹಿಡಿದು ಕೊಡುವವರು. ಆದರೆ ‘ವಾರ್ಡ್ ಸದಸ್ಯರು’ ಎಂದು ಹಲಗೆ ಬರೆಸಿ ಆಗಿತ್ತು. ಸಾವಿರ ಮತದಿಂದ ಸೋತವನಿಗೆ ನಿದ್ದೆ ಬರುತ್ತದೆ, ಒಂಬತ್ತರಿಂದ ಸೋತವನಿಗೆ ಬರುವುದಿಲ್ಲ. ಮತದಾರರ ಪಟ್ಟಿ ತರಿಸಿ, ಗಲ್ಲಾದ ಮುಂದೆ ಕುಳಿತು, ಸ್ಕೇಲು ಇಟ್ಟು ಸಾಲುಸಾಲಾಗಿ ಓದಿದರು. ಏಳನೇ ನಂಬರಿಗೆ ಬಂದಾಗ ಸ್ಕೇಲು ಕೆಳಗೆ ಜಾರುತ್ತಲೇ ಹೋಯಿತಂತೆ.

ಮಾರನೆಯ ದಿನವೇ ಪತ್ರಿಕೆಯಲ್ಲಿ ಸುದ್ದಿ. ಅದರ ಮಾರನೆಯ ದಿನ ಫೋನು ಹಿಡಿದ ಒಬ್ಬ ವರದಿಗಾರ್ತಿ. ಅವಳು ಅಂಗಡಿಗೆ ನುಗ್ಗಿದಾಗ ಅಂಚೆಯಣ್ಣ ಒಳಗೆ ಜೇಬುಗಳಿಗೆ ಕಾಗದ ತುಂಬುತ್ತಿದ್ದರು. ತಟ್ಟನೆ ಒಂದು ಉದ್ದ ಕೋಟಿನ ಹಿಂದೆ ಸರಿದುಕೊಂಡರು. ನಾನು ಕಂದು ಕೋಟಿನ ಹತ್ತಿರ ನಿಂತಿದ್ದೆ. ಟೇಪಣ್ಣ ನನ್ನತ್ತ ನೋಡಿ, ‘ನನಗೆ ಬಿಡಿ’ ಎಂದು ಕಣ್ಣಲ್ಲೇ ಹೇಳಿದರು.

"ಸರ್, ಇಲ್ಲಿ ಎಷ್ಟು ಜನ ಇದೀರಿ?"

"ಪಟ್ಟೀಲಿ ಎಷ್ಟು ಅಂತ ಬರೆದಿದೆ?"

"ನಲವತ್ತೊಂದು."

"ಹಾಗಾದ್ರೆ ನಲವತ್ತೊಂದು."

"ಈ ಅಂಗಡೀಲಾ?"

"ಸ್ವಲ್ಪ ಅಡ್ಜಸ್ಟ್ ಮಾಡ್ಕೋತೀವಿ."

"ಮಲಗೋದು ಹೇಗೆ?"

"ಸರದಿ ಮೇಲೆ."

"ಈಗ ಎಲ್ಲಾ ಎಲ್ಲಿ?"

"ಹೊರಗಡೆ ಹೋಗಿದಾರಮ್ಮ. ಎಲ್ಲರೂ ಒಟ್ಟಿಗೆ ಮನೇಲಿದ್ರೆ ಸೆಕೆ."

ಕೋಟಿನ ಹಿಂದಿನಿಂದ ಒಂದು ಸೀನು ಕೇಳಿಸಿತು.

"ಅದ್ಯಾರು?"

"ನಲವತ್ತೊಂದರಲ್ಲಿ ಒಬ್ರು. ರಾತ್ರಿ ಪಾಳಿ, ಪಾಪ, ನಿಂತ್ಕೊಂಡೇ ನಿದ್ದೆ."

ಆ ಸಂಜೆಯೊಳಗೆ ಊರಿನ ಎಲ್ಲ ಫೋನುಗಳಲ್ಲೂ ಟೇಪಣ್ಣ ಅಡ್ಜಸ್ಟ್ ಮಾಡಿಕೊಳ್ಳುತ್ತಿದ್ದರು.

"ಒಳ್ಳೇದಾಯ್ತು," ಎಂದರು ಅವರ ಹೆಂಡತಿ, ಅಂಗಡಿಯ ಹಿಂಬದಿಯ ಒಲೆಯಿಂದ ಮುಖ ತಿರುಗಿಸದೆಯೇ. "ಇಷ್ಟು ದೊಡ್ಡ ಸಂಸಾರ ತೂಗಿಸ್ತಿದೀನಿ ಅಂತ ನಂಗೇ ಗೊತ್ತಿರಲಿಲ್ಲ. ಅದೂ ಒಂದೇ ಬಚ್ಚಲಲ್ಲಿ."

ಹೆಂಡತಿಯ ತಮ್ಮನ ಫೋನು ಬಂತು. "ಭಾವ, ಹೋದ ವರ್ಷ ಎರಡು ದಿನ ಇರ್ತೀನಿ ಅಂದಾಗ ಕಾಲು ಚಾಚೋಕೆ ಜಾಗ ಇಲ್ಲ ಅಂದ್ರಿ. ಮೂವತ್ತೊಂಬತ್ತು ಜನಕ್ಕೆ ಇತ್ತು, ನಂಗೊಬ್ಬನಿಗೆ ಇರಲಿಲ್ಲ ಅಲ್ವಾ?"

"ನೀನು ಈ ವಾರ್ಡಿನವನಲ್ವಲ್ಲೋ," ಎಂದರು ಟೇಪಣ್ಣ. ಆಮೇಲೆ ಎರಡು ವಾರ ಆ ಮನೆಯಿಂದ ಫೋನು ಬರಲಿಲ್ಲ.

ನೀರಿನ ಕಚೇರಿಯವರು ಬಂದು ಒಂದು ನಲ್ಲಿಗೆ ಇಷ್ಟು ಮಂದಿ ಕೂಡದೆಂದು ಹೇಳಿ ಹೋದರು. ಅಗ್ನಿಶಾಮಕದವರು ಬಂದು, ಬೆಂಕಿ ಬಿದ್ದರೆ ನಲವತ್ತೊಂದು ಜನ ಯಾವ ಬಾಗಿಲಿನಿಂದ ಓಡುತ್ತೀರಿ ಎಂದು ಕೇಳಿದರು. "ಬಾಗಿಲ ಹತ್ರ ಇರೋರು ಮೊದಲು," ಎಂದರು ಟೇಪಣ್ಣ. ಮೂರನೇ ದಿನ ಕೈಯಲ್ಲೊಂದು ಸೂಟ್‌ಕೇಸು ಹಿಡಿದ ಅಪರಿಚಿತರೊಬ್ಬರು ಬಾಗಿಲಲ್ಲಿ ನಿಂತರು. "ಇಲ್ಲಿ ಯಾರು ಬಂದ್ರೂ ಜಾಗ ಮಾಡ್ಕೊಡ್ತಾರಂತೆ. ನಲವತ್ತೆರಡನೆಯವನಿಗೆ ಆಗುತ್ತಾ?" ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಟೇಪಣ್ಣನ ಹೆಂಡತಿ ಅವರನ್ನು ಕೂರಿಸಿ ಚಹಾ ಕೊಟ್ಟರು, ಆಮೇಲೆ ತೊಂಬತ್ತನೇ ಮೆಟ್ಟಿಲಿನವರ ಖಾಲಿ ಕೋಣೆ ಕೊಡಿಸಿದರು.

ಅಷ್ಟರಲ್ಲಿ ಚುನಾವಣಾ ಕಚೇರಿಯಿಂದ ಮಾಹಿತಿ ಬಂತು. ಗುರುವಾರ ತನಿಖೆ. ನಲವತ್ತೊಂದು ಮಂದಿಗೂ ರಿಜಿಸ್ಟರ್ ನೋಟಿಸು. ಅಂಚೆಯವರು ಖುದ್ದಾಗಿ ಕೊಟ್ಟು ಸಹಿ ತೆಗೆದುಕೊಳ್ಳಬೇಕು. ಸಂಜೆ ಐದರೊಳಗೆ ಯಾರ ಸಹಿ ಇರುವುದಿಲ್ಲವೋ ಅವರ ಹೆಸರು ಪಟ್ಟಿಯಿಂದ ಕಿತ್ತುಹೋಗುತ್ತದೆ, ಹಾಕಿದ ಮತವೂ ಲೆಕ್ಕದಿಂದ ಹೋಗುತ್ತದೆ.

ಬುಧವಾರ ನಮ್ಮ ಮೆಟ್ಟಿಲ ಮೇಲೆಯೇ ಸಭೆ ಸೇರಿತು. "ಹಲ್ಲುಜ್ಜೋ ಬ್ರಷ್ಷು," ಎಂದರು ಟೇಪಣ್ಣ. "ಮನುಷ್ಯ ಎಲ್ಲಿ ವಾಸ ಮಾಡ್ತಾನೆ ಅನ್ನೋಕೆ ಬ್ರಷ್ಷಿಗಿಂತ ಸಾಕ್ಷಿ ಬೇಕಾ? ಎಲ್ಲರೂ ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಬ್ರಷ್ಷು ತಂದು ನನ್ನ ಬಕೆಟ್ಟಿಗೆ ಹಾಕಿ. ಉಳಿದದ್ದು ನನಗೆ ಬಿಡಿ."

ಗೆದ್ದ ಟೀಚರೂ ಬಂದಿದ್ದರು. "ನೂರಿಪ್ಪತ್ತು ಚದರಡಿ, ನಲವತ್ತೊಂದರಿಂದ ಭಾಗಿಸಿದ್ರೆ ತಲೆಗೆ ಮೂರಡೀನೂ ಬರಲ್ಲ," ಎಂದರು. "ಇದನ್ನ ಯಾರೂ ನಂಬಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ. ನನ್ನ ಸ್ಥಾನ ಹೋದ್ರೆ ಹೋಗ್ಲಿ."

"ಹೇಳಬಹುದು," ಎಂದೆ ನಾನು, "ಆದ್ರೆ ಆ ಮೊಣಕಾಲು?"

ಟೀಚರು ಕೆಳಗೆ, ಅಂಗಡಿಯ ಕಟ್ಟೆಯ ಮೇಲೆ ಕಾಲು ನೀವಿಕೊಳ್ಳುತ್ತ ಕುಳಿತಿದ್ದ ಅಂಚೆಯಣ್ಣನನ್ನು ನೋಡಿದರು. "ನಾನು ಈ ಸಭೆಗೆ ಬಂದೇ ಇಲ್ಲ," ಎಂದು ಎದ್ದು ಹೋದರು. ಮೂವತ್ತು ವರ್ಷ ಮಕ್ಕಳಿಗೆ ಸರಿ ಉತ್ತರ ಹೇಳಿಕೊಟ್ಟವರಿಗೆ ಅದೆಷ್ಟು ಕಷ್ಟವಾಗಿರಬೇಕು.

ಗುರುವಾರ ತನಿಖಾಧಿಕಾರಿಣಿ ಬಂದರು. ನಡುವಯಸ್ಸಿನವರು, ಕಂಕುಳಲ್ಲಿ ಫೈಲು. ಹಿಂದೆಯೇ ಔಷಧಿಯವರು. ಅಂಗಡಿಯ ನಡುವೆ ಬಕೆಟ್ಟು, ಬಕೆಟ್ಟಿನ ತುಂಬ ಬ್ರಷ್ಷು.

"ಇದರಲ್ಲಿ ನಿಮ್ಮದು ಯಾವುದು?" ಎಂದು ಅಧಿಕಾರಿಣಿ ಟೇಪಣ್ಣನನ್ನು ಕೇಳಿದರು. ಟೇಪಣ್ಣ ಬಕೆಟ್ಟಿನಲ್ಲಿ ಬಹಳ ಹೊತ್ತು ಕೈಯಾಡಿಸಿದರು.

"ಇವರದ್ದು ಹಾಕಿಲ್ಲ," ಎಂದರು ಹೆಂಡತಿ. "ಇವರದ್ದು ಬಚ್ಚಲಲ್ಲಿದೆ. ನಾವು ಇಲ್ಲೇ ಇರೋರಲ್ವಾ?"

ಅದೇ ಹೊತ್ತಿಗೆ ಅಂಚೆಯಣ್ಣ ನೋಟಿಸುಗಳ ಕಟ್ಟು ಹಿಡಿದು ಬಂದರು. ಅವರು ಹತ್ತಬಾರದೆಂದು ಇಡೀ ಬೀದಿ ಇಳಿಯಿತು. ಒಬ್ಬರ ಕೆನ್ನೆಯ ಮೇಲೆ ಕ್ಷೌರದ ನೊರೆ, ಒಬ್ಬರ ಕೈಯಲ್ಲಿ ಅರ್ಧ ಹಿಂಡಿದ ಬಟ್ಟೆ. "ಮೂವತ್ತೆರಡನೇ ಮೆಟ್ಟಿಲು, ಇಬ್ರು," ಎಂದು ಅಂಚೆಯಣ್ಣ ರೂಢಿಯಂತೆ ಕೂಗಿದರು. ನಾಲಿಗೆ ಕಚ್ಚಿಕೊಂಡರು. ಅಧಿಕಾರಿಣಿ ತಲೆಯೆತ್ತಲಿಲ್ಲ, ಆದರೆ ಪೆನ್ನು ನಿಂತಿತು.

"ನೋಡಿ, ನೋಡಿ, ಎಲ್ಲಾ ಮೇಲಿಂದ ಇಳಿದು ಬರ್ತಿದಾರೆ," ಎಂದರು ಔಷಧಿಯವರು. "ಈ ಅಜ್ಜಿ ಇರೋದು ಎಪ್ಪತ್ತನೇ ಮೆಟ್ಟಿಲಲ್ಲಿ. ನಂಗೆ ಚೆನ್ನಾಗಿ ಗೊತ್ತು, ನನ್ನ ಸೋದರತ್ತೆ."

"ಗೊತ್ತಿದೆಯೇನೋ?" ಎಂದರು ಅಜ್ಜಿ, ಸಹಿ ಹಾಕುತ್ತಲೇ. "ನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ, ಮರೆತಿರ್ತೀಯ ಅಂದ್ಕೊಂಡಿದ್ದೆ. ವೋಟು ಕೇಳೋಕೂ ಕರಪತ್ರ ಕೋಟಿನ ಜೇಬಲ್ಲಿಟ್ಟು ಹೋದೆಯಲ್ಲಪ್ಪ."

ನಲವತ್ತು ಸಹಿಯಾಯಿತು. ಒಂದು ನೋಟಿಸು ಉಳಿಯಿತು. ಅಧಿಕಾರಿಣಿ ಎದ್ದು ಗೋಡೆಯ ಬಳಿ ಹೋಗಿ ಕಂದು ಕೋಟಿನ ಜೇಬಿಗೆ ಕೈ ಹಾಕಿದರು. ನನ್ನ ಕಣ್ಣಿನ ಆಸ್ಪತ್ರೆಯ ಕಾಗದ ಬಂತು. ಪಕ್ಕದ ಕೋಟಿನಿಂದ ಒಂದು ಬ್ಯಾಂಕಿನ ಕಾಗದ, ಒಂದು ಮದುವೆಯ ಕರೆಯೋಲೆ. ಎಲ್ಲವನ್ನೂ ಇದ್ದಲ್ಲೇ ಇಟ್ಟು, ಒಂದು ಕಾಗದ ಟೇಪಣ್ಣನ ಮುಂದೆ ಚಾಚಿದರು.

"ನಲವತ್ತೊಂದು ಜನಾನೂ ಇಲ್ಲೇ ವಾಸ ಇದಾರೆ ಅಂತ ಬರೆದು ಸಹಿ ಮಾಡಿ. ಸುಳ್ಳಾದ್ರೆ ಜೈಲಿದೆ, ಅದೂ ಗೊತ್ತಿರಲಿ."

ಟೇಪಣ್ಣ ಕೊರಳಿನ ಟೇಪನ್ನು ಎರಡು ಸಲ ಸರಿಮಾಡಿಕೊಂಡರು. ಆಮೇಲೆ, ನಾನು ಅದನ್ನು ಕಣ್ಣಾರೆ ಕಂಡೆ, ಪೆನ್ನು ತೆಗೆದುಕೊಂಡರು.

"ಬೇಡ," ಎಂದರು ಅಂಚೆಯಣ್ಣ. "ಮೇಡಂ, ತಪ್ಪು ನಂದು. ಹನ್ನೊಂದು ವರ್ಷದಿಂದ ನಾನು ಈ ಮೆಟ್ಟಿಲು ಹತ್ತಿಲ್ಲ. ಕಾಗದ ಎಲ್ಲಾ ಇಲ್ಲೇ ಕೊಟ್ಟು ಹೋಗ್ತೀನಿ. ಅದಕ್ಕೇ ಇವರೆಲ್ಲಾ ಏಳು ಅಂತ ಬರ್ಕೊಂಡಿದ್ದು."

"ಸುಳ್ಳು ಹೇಳ್ತಿದಾರೆ ಮೇಡಂ," ಎಂದರು ಟೇಪಣ್ಣ. "ದಿನಾ ಹತ್ತತಾರೆ. ಜಿಂಕೆ ಹಾಗೆ ಹತ್ತತಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗೆ ಇಡೀ ಬೀದಿ ಒಟ್ಟಿಗೆ ಅಂಚೆಯಣ್ಣನ ಬಲಮೊಣಕಾಲು ನೋಡಿತು. ಅಧಿಕಾರಿಣಿಯೂ ನೋಡಿದರು. ಫೈಲು ಮುಚ್ಚಿ, "ನಡೀರಿ, ನಿಮ್ಮ ಮನೆಗಳನ್ನ ತೋರಿಸಿ," ಎಂದರು.

ನಾವೆಲ್ಲ ಹಿಂದೆ, ಅವರು ಮುಂದೆ. ಮೊದಲ ಇಪ್ಪತ್ತು ಮೆಟ್ಟಿಲು ಸರ್ಕಾರದ ಗಾಂಭೀರ್ಯದಿಂದಲೇ ಹತ್ತಿದರು. ಮೂವತ್ತರಲ್ಲಿ ಫೈಲು ಕೈ ಬದಲಾಯಿತು. ನಲವತ್ತರಲ್ಲಿ ಫೈಲನ್ನು ನಾನು ಇಸಿದುಕೊಂಡೆ. ನಲವತ್ತೆಂಟರಲ್ಲಿ ನನ್ನ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ನೀರು ಕುಡಿದು, ನನ್ನ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಈ ಮನೆ ನಂಬರು ಎಷ್ಟು?" ಎಂದರು.

"ಇಲ್ಲಮ್ಮ."

"ಎದುರು ಮನೇದು?"

"ಅದಕ್ಕೂ ಇಲ್ಲ. ನಂಬರಿನ ತಗಡು ಹೊಡೆಯೋರು ಬಂದಿದ್ರು. ಕೆಳಗೆ ಒಂದರಿಂದ ಏಳರವರೆಗೆ ಹೊಡೆದು, ಮೇಲೆ ನೋಡಿ, ನಾಳೆ ಬರ್ತೀವಿ ಅಂದ್ರು. ಇಪ್ಪತ್ತಾರು ವರ್ಷ ಆಯ್ತಂತೆ."

ಅಧಿಕಾರಿಣಿ ಸೆರಗಿನಿಂದ ಬೆವರು ಒರೆಸಿಕೊಂಡರು. "ಅಂದ್ರೆ, ಅವರೂ ಹತ್ತಲಿಲ್ಲ. ಪಟ್ಟಿ ಬರೆಯೋಕೆ ಬಂದ ನಮ್ಮೋರೂ ಹತ್ತಲಿಲ್ಲ." ಫೈಲು ತೆರೆದು ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು: ಈ ಬೀದಿಯಲ್ಲಿ ಏಳರ ಮುಂದೆ ನಂಬರುಗಳಿಲ್ಲ; ಮತದಾರರು ಇದೇ ವಾರ್ಡಿನ ನಿವಾಸಿಗಳು; ವಿಳಾಸ ಸರಿಪಡಿಸತಕ್ಕದ್ದು. "ಸಹಿ ಆದ ನಲವತ್ತು ಹೆಸರು ಉಳಿಯುತ್ತೆ. ಆ ಇನ್ನೊಂದು ಯಾರದು?"

"ತುದಿ ಮನೆ ಅಜ್ಜಂದು," ಎಂದರು, ಎಲ್ಲರ ಹಿಂದೆ ಗೋಡೆ ಹಿಡಿದು ಹತ್ತಿ ಆಗಷ್ಟೇ ಬಂದು ಮುಟ್ಟಿದ್ದ ಅಂಚೆಯಣ್ಣ. "ಸೊಂಟ ಮುರಿದು ಮಲಗಿದಾರೆ. ವೋಟಿನ ದಿನ ಟೇಪಣ್ಣ ಕುರ್ಚಿ ಸಮೇತ ಹೊತ್ಕೊಂಡು ಹೋಗಿದ್ರು. ಆ ಕುರ್ಚಿ ಅವತ್ತೇ ಮುರೀತು."

"ನಾನು ತಗೊಂಡು ಹೋಗ್ತೀನಿ, ನನಗೆ ಬಿಡಿ," ಎಂದರು ಟೇಪಣ್ಣ.

"ಆಗಲ್ಲ," ಎಂದರು ಔಷಧಿಯವರು. "ಖುದ್ದಾಗಿ ಅಂಚೆಯವರೇ ಕೊಡಬೇಕು. ನಿಯಮ ಅಂದ್ರೆ ನಿಯಮ. ಈ ಹನ್ನೊಂದು ವರ್ಷದ ವಿಷಯಾನೂ ಬಿಡಲ್ಲ ನಾನು. ಅಂಚೆ ಇಲಾಖೆಗೆ ದೂರು ಕೊಡ್ತೀನಿ."

"ಅದು ನನ್ನ ಇಲಾಖೆ ಅಲ್ಲ," ಎಂದರು ಅಧಿಕಾರಿಣಿ ನಿಧಾನವಾಗಿ. "ಯಾರೂ ದೂರು ಕೊಡದಿದ್ರೆ ಇವತ್ತು ಅವರು ಹೇಳಿದ್ದು ನಂಗೆ ಕೇಳಿಸಿಲ್ಲ. ಬರೆದು ಕೊಟ್ರೆ ಕಳಿಸಲೇಬೇಕಾಗುತ್ತೆ."

"ಕೊಡ್ತೀನಿ. ಮೊದಲು ಇವರು ಹತ್ತಲಿ. ನಾನೇ ಜೊತೆಗೆ ಹೋಗಿ ನೋಡ್ತೀನಿ."

ಅಂಚೆಯಣ್ಣ ಚೀಲ ಹೆಗಲಿಗೇರಿಸಿದರು. ನಾಲ್ಕು ಗಂಟೆ ಆಗಿತ್ತು. ಔಷಧಿಯವರು ಕಾವಲಿನವರಂತೆ ಹಿಂದೆ, ಟೇಪಣ್ಣ ಅವರ ಹಿಂದೆ. ನಾವು ಕೆಳಗಿನಿಂದ ನೋಡುತ್ತ ನಿಂತೆವು. ಸಂಗತಿ ತಿಳಿದು ಟೀಚರೂ ಬಂದರು, ಈ ಸಲ ಬಂದಿಲ್ಲವೆಂದು ಹೇಳಲಿಲ್ಲ. ಎಪ್ಪತ್ತರವರೆಗೆ ಅಂಚೆಯಣ್ಣ ಗೋಡೆ ಹಿಡಿದುಕೊಂಡು ಹೋದರು. ಅಲ್ಲಿಂದ ಮುಂದೆ ಗೋಡೆಯಿಲ್ಲ. ಅಲ್ಲಿ ಎರಡು ಸಲ ಕುಳಿತರು. ಮೂರನೇ ಸಲ ಏಳಲಾಗಲಿಲ್ಲ. ಔಷಧಿಯವರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಆಮೇಲೆ ಹೆಗಲು ಕೊಟ್ಟರು. ಇಷ್ಟು ನನಗೆ ಕಂಡದ್ದು.

ಮೇಲೆ ನಡೆದದ್ದನ್ನು ಹೇಳಿದವರು ಟೇಪಣ್ಣ. ಅವರ ಒಂದಿಂಚು ಕಳೆದು ನಾನು ಬರೆಯುತ್ತಿದ್ದೇನೆ. ಅಜ್ಜ ಗೋಡೆಗೊರಗಿ ಕುಳಿತಿದ್ದರಂತೆ. ಬಂದವರನ್ನು ಕಣ್ಣು ಕಿರಿದು ಮಾಡಿ ನೋಡಿ, "ಇದು ನಮ್ಮ ಔಷಧಿಯೋರಲ್ವಾ? ಗೆದ್ರೇನಪ್ಪ?" ಎಂದರಂತೆ.

"ಇಲ್ಲ ಅಜ್ಜ. ಒಂಬತ್ತರಲ್ಲಿ ಹೋಯ್ತು."

"ಅಯ್ಯೋ ಪಾಪ. ನಾನು ನಿಮಗೇ ಹಾಕಿದ್ದೆ. ಈ ಬೀದೀಲಿ ನಾನೊಬ್ಬನೇ ಅಂತ ಕಾಣುತ್ತೆ. ಮಾತ್ರೆ ಪೊಟ್ಟಣದ ಮೇಲೆ ಬೆಳಿಗ್ಗೇದಕ್ಕೆ ಸೂರ್ಯ, ರಾತ್ರಿದಕ್ಕೆ ಚಂದ್ರ ಬರೆದು ಕಳಿಸ್ತೀರಲ್ಲ. ಕಣ್ಣು ಕಾಣದೋನಿಗೆ ಅಷ್ಟು ಮಾಡೋರು ಊರಿಗೂ ಏನಾದ್ರೂ ಮಾಡ್ತಾರೆ ಅಂದ್ಕೊಂಡೆ."

ಔಷಧಿಯವರು ಅಜ್ಜನ ಪಕ್ಕದಲ್ಲಿದ್ದ ಪೊಟ್ಟಣಗಳ ಕಡೆ ನೋಡಿದರು. ಆಮೇಲೆ ಗಡಿಯಾರ ನೋಡಿಕೊಂಡು ಹೌಹಾರಿದರು. "ರೀ ಅಂಚೆಯವರೇ, ಏನು ಕೂತಿದೀರಿ? ಐದಕ್ಕೆ ಹತ್ತು ನಿಮಿಷ ಇದೆ. ಬೇಗ ಸಹಿ ಹಾಕಿಸ್ಕೊಳ್ಳಿ. ಅಜ್ಜ, ಇಲ್ಲಿ, ಈ ಗೆರೆ ಮೇಲೆ. ಪೆನ್ನು ಬರೀತಾ ಇಲ್ವಾ? ನಂದು ತಗೊಳ್ಳಿ."

ಸಹಿ ಬಿತ್ತು. ಟೇಪಣ್ಣ ಕಾಗದ ಹಿಡಿದು ಹೆಜ್ಜೆಗೆ ಮೂರು ಮೆಟ್ಟಿಲಿನಂತೆ ಹಾರಿ ಇಳಿದು ಬಂದು ಅಧಿಕಾರಿಣಿಗೆ ಕೊಟ್ಟಾಗ ಐದಕ್ಕೆ ಮೂರು ನಿಮಿಷವಿತ್ತು. ನಲವತ್ತೊಂದೂ ಉಳಿಯಿತು. ಒಂಬತ್ತು ಒಂಬತ್ತಾಗಿಯೇ ಉಳಿಯಿತು.

ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಉಳಿದಿಬ್ಬರು ನನ್ನ ಬಾಗಿಲಿಗೆ ಬಂದು ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಅಂಚೆಯಣ್ಣನ ಕೈ ಔಷಧಿಯವರ ಹೆಗಲ ಮೇಲಿತ್ತು. ಔಷಧಿಯವರ ಅಂಗಿ ಬೆನ್ನಿಗೆ ಅಂಟಿತ್ತು.

ಅಧಿಕಾರಿಣಿ ಕೊನೆಯ ಹಾಳೆ ತೆಗೆದರು. "ದೂರು ಇದೆ ಅಂದ್ರಲ್ಲ."

ಟೇಪಣ್ಣನ ಬಾಯಿ ತೆರೆದುಕೊಂಡಿತು, ಅವರ ಹೆಂಡತಿ ಟೇಪು ಹಿಡಿದು ಎಳೆದು ಮುಚ್ಚಿಸಿದರು.

"ಇದೆ," ಎಂದರು ಔಷಧಿಯವರು. ಏದುಸಿರು ಇನ್ನೂ ನಿಂತಿರಲಿಲ್ಲ. "ಎಪ್ಪತ್ತರಿಂದ ಮೇಲೆ ಹಿಡ್ಕೊಳ್ಳೋಕೆ ಒಂದು ಕಂಬಿ ಇಲ್ಲ. ವಯಸ್ಸಾದೋರು ಬಿದ್ರೆ ಯಾರು ಜವಾಬ್ದಾರಿ?"

"ಅದು ನನಗೆ ಬರಲ್ಲ," ಎಂದು ಅಧಿಕಾರಿಣಿ ಫೈಲು ಕಟ್ಟಿದರು. "ನಿಮ್ಮ ವಾರ್ಡ್ ಸದಸ್ಯರಿಗೆ ಕೊಡಿ."

ಔಷಧಿಯವರು ಟೀಚರ ಕಡೆ ತಿರುಗಿದರು. ಮತ ಎಣಿಕೆಯ ದಿನದಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಟೀಚರು ಚೀಲದಿಂದ ನೋಟ್‌ಬುಕ್ಕು ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

"ಎಷ್ಟು ಮೆಟ್ಟಿಲಿಗೆ ಬೇಕು?"

"ನಲವತ್ತೆರಡು," ಎಂದರು ಔಷಧಿಯವರು. "ಎಣಿಸಿದೀನಿ, ಸದಸ್ಯರೇ."